ಟೆಂಪೋದಲ್ಲಿ ಬಂದ ಹೂಗಿಡಗಳು, ಗೋಡೆ ಹಿಂದಿನ ಟೊಮೆಟೊ

ಎನ್‌ಜಿಒ ಕೆಲಸದಲ್ಲಿ ಇರುವವರಿಗೆ ಮಾರ್ಚ್ ತಿಂಗಳ ಬಗ್ಗೆ ಹೇಳಬೇಕಾಗಿಲ್ಲ. ಯುಸಿ, ಅಂದರೆ ಹಣ ಬಳಕೆಯ ಪ್ರಮಾಣಪತ್ರ ಕಳಿಸಬೇಕು, ಎಂಡ್‌ಲೈನ್ ಅನ್ನುವ ಕೊನೆಯ ಸಮೀಕ್ಷೆ ಮುಗಿಸಬೇಕು, ಜಾಗದ ಗುರುತಿರುವ ಜಿಯೋಟ್ಯಾಗ್ ಫೋಟೋ ಹಾಕಬೇಕು, ಅದರ ನಡುವೆ ದುಡ್ಡು ಕೊಡುವ ಫಂಡರ್ ವಿಸಿಟ್. 2024ರ ಮಾರ್ಚ್‌ನಲ್ಲಿ ಇದಕ್ಕೆ ನೀರಿನ ಕಷ್ಟವೂ ಸೇರಿಕೊಂಡಿತು. ಬೆಂಗಳೂರಿನ ಎಷ್ಟೋ ಬಡಾವಣೆಗಳಲ್ಲಿ ಬೋರ್‌ವೆಲ್ ಬತ್ತಿದ್ದವು. ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ, ಗಾಡಿ ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತ್ತು.

ನಾನು ಎನ್‌ಜಿಒ ಕಡೆಯಿಂದ ಸರ್ಕಾರಿ ಶಾಲೆಗಳಲ್ಲಿ ಎಂಟು, ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಚಿತ್ರಕಲೆ ಮತ್ತು ಕೈತೋಟ ಹೇಳಿಕೊಡುತ್ತೇನೆ. ಟೈಮ್‌ಟೇಬಲ್‌ನಲ್ಲಿ ಇವೆರಡೂ ಬೇರೆ ಬೇರೆ ಪೀರಿಯಡ್. ನಾನು ಸೇರಿಸಿಬಿಟ್ಟಿದ್ದೇನೆ, ಅದಕ್ಕೆ ಕಾರಣ ಇದೆ. ಚಿತ್ರ ಬಿಡಿಸಿ ಅಂದರೆ ನಮ್ಮ ಮಕ್ಕಳೆಲ್ಲ ಒಂದೇ ಚಿತ್ರ ಬಿಡಿಸುತ್ತಾರೆ. ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೆ ಹೊಳೆ, ಒಂದು ತೆಂಗಿನಮರ. ಈ ಮಕ್ಕಳ ಮನೆಯ ಕಿಟಕಿ ತೆಗೆದರೆ ಕಾಣೋದು ಪಕ್ಕದ ಮನೆಯ ಗೋಡೆ. ಕಣ್ಣಿಂದ ನೋಡಿ ಬಿಡಿಸುವುದನ್ನು ಅವರಿಗೆ ಯಾರೂ ಕಲಿಸಿಲ್ಲ. ಹಾಗಾಗಿ ನಾನೊಂದು ನಿಯಮ ಮಾಡಿದೆ. ನೀರು ಹಾಕುವ ಮೊದಲು ಅವರವರ ಗ್ರೋಬ್ಯಾಗ್, ಅಂದರೆ ಟೊಮೆಟೊ ಗಿಡ ಬೆಳೆಸುವ ಚೀಲದ ಮುಂದೆ ಕೂತು ಒಂದು ಎಲೆಯ ಚಿತ್ರ ಬಿಡಿಸಬೇಕು. ನಿಜವಾದ ಅಳತೆಯಲ್ಲೇ. ಚೆಂದ ಬರದಿದ್ದರೂ ಪರವಾಗಿಲ್ಲ, ಎಲೆಯಲ್ಲಿ ತೂತಿದ್ದರೆ ಚಿತ್ರದಲ್ಲೂ ತೂತಿರಬೇಕು.

ಇದರಿಂದ ಆದ ಲಾಭ ನೋಡಿ. ಆದೇಶ ಬಂದ ಮೇಲೆ ನಾವು ಶಾಲೆಯ ಕುಡಿಯುವ ನೀರು ಶುದ್ಧ ಮಾಡುವ ಆರ್‌ಒ ಮೆಷಿನ್‌ನಿಂದ ಹೊರಹೋಗುವ ನೀರನ್ನು ಹಿಡಿದು ಹಾಕತೊಡಗಿದೆವು. ಸ್ವಲ್ಪ ದಿನದಲ್ಲಿ ಡ್ರಾಯಿಂಗ್ ಬುಕ್‌ಗಳಲ್ಲಿ ಎಲೆಯ ಅಂಚಿಗೆಲ್ಲ ಕಂದು ಬಣ್ಣ ಬರತೊಡಗಿತು. ಒಬ್ಬರಲ್ಲ, ಸುಮಾರು ಮಕ್ಕಳ ಬುಕ್‌ನಲ್ಲಿ ಹಾಗೇ. ಆ ನೀರಿನಲ್ಲಿ ಉಪ್ಪಿನಂಶ ಜಾಸ್ತಿ, ಎಲೆ ಅಂಚು ಸುಡುತ್ತಿತ್ತು. ಚಿತ್ರ ಇಲ್ಲದಿದ್ದರೆ ಗಿಡ ಬಿಸಿಲಿಗೆ ಬಾಡಿದೆ ಅಂದುಕೊಂಡು ಅದೇ ನೀರನ್ನು ಇನ್ನೂ ಸುರಿಯುತ್ತಿದ್ದೆವು. ಆಮೇಲೆ ಬಿಸಿಯೂಟದ ತಟ್ಟೆಗಳನ್ನು ಸೋಪು ಹಾಕುವ ಮೊದಲು ಜಾಲಿಸಿದ ನೀರನ್ನೇ ಬಕೆಟ್‌ನಲ್ಲಿ ಹಿಡಿದು, ಸೋಸಿ ಹಾಕಿದೆವು. ಹೊಸ ಚಿಗುರಿನ ಅಂಚು ಹಸಿರಾಗೇ ಬಂತು.

ಟೊಮೆಟೊ ಎಲೆಗಳಿಗೆ ರಂಗೋಲಿ ಹುಳು ಬಿದ್ದಿತ್ತು. ಎಲೆ ಮೇಲೆ ಬಿಳಿ ಗೆರೆ ಸುತ್ತಿಕೊಂಡು ಹೋಗುತ್ತದಲ್ಲ, ಅದು. ಒಂಬತ್ತನೇ ಕ್ಲಾಸಿನ ಒಬ್ಬಳು ಆ ಗೆರೆಯನ್ನು ಬಿಡಿಸಿ, ಅಳಿಸಿ, ಮತ್ತೆ ಬಿಡಿಸುತ್ತಿದ್ದಳು. ಕೊನೆಗೆ, 'ಮಿಸ್, ಈ ಗೆರೆ ಒಂದು ಕಡೆ ಸಣ್ಣ, ಇನ್ನೊಂದು ಕಡೆ ದಪ್ಪ ಇದೆ, ಯಾಕೆ?' ಅಂದಳು. ಉತ್ತರ ಹೇಳಲಿಲ್ಲ. ದಪ್ಪ ಇರುವ ತುದಿಯನ್ನು ಬಿಸಿಲಿಗೆ ಹಿಡಿದು ನೋಡು ಅಂದೆ. ಹಿಡಿದಳು. ಎಲೆಯ ಎರಡು ಪದರದ ನಡುವೆ ಸಾಸಿವೆಗಿಂತ ಚಿಕ್ಕದೊಂದು ಹಳದಿ ಹುಳು ಮೆಲ್ಲಗೆ ಅಲುಗಾಡುತ್ತಿತ್ತು. ಸಣ್ಣ ತುದಿ ಅದು ಮೊಟ್ಟೆಯಿಂದ ಹೊರಬಂದ ಜಾಗ. ತಿನ್ನುತ್ತಾ ಬೆಳೆದಂತೆ ದಾರಿಯೂ ಅಗಲವಾಗಿದೆ. ಇಡೀ ಕ್ಲಾಸ್ ಅವತ್ತು ಎಲೆಗಳನ್ನು ಬಿಸಿಲಿಗೆ ಹಿಡಿದು ನಿಂತಿತ್ತು. ಹುಳು ಇರುವ ಎಲೆಗಳನ್ನು ಕಿತ್ತು, ಉಳಿದವಕ್ಕೆ ಬೇವಿನೆಣ್ಣೆ ಹೊಡೆದೆವು.

ಇಂಥ ಹೊತ್ತಿನಲ್ಲಿ ನಮ್ಮ ಎನ್‌ಜಿಒ ಪ್ರೋಗ್ರಾಂ ಮ್ಯಾನೇಜರ್ ಸೈಟ್ ಫೋಟೋ ಕೇಳಿದರು. ಕಳಿಸಿದೆ. 'ತುಂಬಾ ಡಲ್ ಇದೆ ಮೇಡಂ, ಕಲರ್ ಬೇಕು' ಅಂತ ಉತ್ತರ ಬಂತು. ವಿಸಿಟ್ ಹಿಂದಿನ ದಿನ ಮಧ್ಯಾಹ್ನ ಗೇಟಿಗೆ ಟೆಂಪೋ ಬಂದು ನಿಂತಿತು. ತುಂಬಾ ಪೆಟೂನಿಯಾ, ಚೆಂಡುಹೂವಿನ ಕುಂಡಗಳು. ಟೊಮೆಟೊ ಕಿತ್ತು ಇವನ್ನು ಜೋಡಿಸಿ ಅಂತ ಆರ್ಡರ್. ಕೀಳೋದಿಲ್ಲ ಅಂದೆ. ಫೋನಿನಲ್ಲಿ ಜೋರು ಮಾತಾಯಿತು. ಕೊನೆಗೆ ಗ್ರೋಬ್ಯಾಗ್‌ಗಳನ್ನು ಶೌಚಾಲಯದ ಗೋಡೆ ಹಿಂದೆ ಇಡಬೇಕು ಅಂತ ತೀರ್ಮಾನ. ಐಸ್‌ಕ್ರೀಮ್ ಕಡ್ಡಿ ಮೇಲೆ ತಮ್ಮ ಹೆಸರು ಬರೆದು ಸಿಕ್ಕಿಸಿದ್ದ ಚೀಲಗಳನ್ನು ಮಕ್ಕಳೇ ಎತ್ತಿಕೊಂಡು ಹೋದರು. ಯಾಕೆ ಅಂತ ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ನನಗೆ ಅಷ್ಟು ಸಂಕಟ ಆಗುತ್ತಿರಲಿಲ್ಲ.

ಮರುದಿನ ಫಂಡರ್ ಕಡೆಯಿಂದ ಬಂದ ಸಾಹೇಬರು ಒಳ್ಳೆಯವರು. ಹೂಗಳನ್ನು ನೋಡಿ ಮೆಚ್ಚಿಕೊಂಡರು. ಆಮೇಲೆ ಮುಂದೆ ನಿಂತಿದ್ದ ಹುಡುಗನ ಹೆಗಲ ಮೇಲೆ ಕೈ ಇಟ್ಟು, 'ಇದರಲ್ಲಿ ನೀನು ಬೆಳೆಸಿದ್ದು ಯಾವುದಪ್ಪ?' ಅಂತ ಕೇಳಿಬಿಟ್ಟರು.

ಆ ಹುಡುಗನ ಅಪ್ಪ ಅಮ್ಮ ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು. ಊರಲ್ಲಿ ತೊಗರಿ, ಜೋಳ ಬೆಳೆಯುವ ಮನೆ. ಅವನು ಕುಂಡಗಳನ್ನು ನೋಡಿದ. ನನ್ನನ್ನು ನೋಡಿದ. ಶಾಲೆಯ ಹೆಡ್‌ಮಾಸ್ಟರ್ ನನ್ನ ಕಡೆ ನೋಡಿದರು, ಮ್ಯಾನೇಜರ್ ಹುಡುಗನ ಕಡೆ. ನಾನು ಏನೂ ಸನ್ನೆ ಮಾಡಲಿಲ್ಲ. ಹೂಂ ಅನ್ನು ಅಂತಾಗಲಿ, ಬೇಡ ಅಂತಾಗಲಿ ಆ ಮಗುವಿಗೆ ಕಣ್ಣಲ್ಲಿ ಹೇಳುವ ಹಕ್ಕು ನನಗಿರಲಿಲ್ಲ. ಯಾರೋ ಕೆಮ್ಮಿದರು. ಅವನು ಹೇಳಿದ, 'ಇವು ನಮ್ಮವಲ್ರಿ ಸರ್. ನಿನ್ನೆ ಟೆಂಪೋದಾಗ ಬಂದಾವ್ರಿ. ನಮ್ಮವು ಗೋಡಿ ಹಿಂದ ಅದಾವ್ರಿ.'

ಮ್ಯಾನೇಜರ್ 'ಬ್ಯೂಟಿಫಿಕೇಶನ್' ಅಂತ ಏನೋ ಶುರು ಮಾಡಿದರು. ಸಾಹೇಬರು ಆಗಲೇ ಗೋಡೆ ಕಡೆ ನಡೆದಿದ್ದರು. ಮಕ್ಕಳೆಲ್ಲ ಹಿಂದೆ. ಆ ಹುಡುಗಿ ಡ್ರಾಯಿಂಗ್ ಬುಕ್ ತೆಗೆದು ಸಣ್ಣ ತುದಿ, ದಪ್ಪ ತುದಿ ತೋರಿಸಿದಳು. ಅವರಿಗೂ ಒಂದು ಎಲೆ ಕೊಟ್ಟು, ಬಿಸಿಲಿಗೆ ಹಿಡಿದು ನೋಡಿ ಅಂದಳು. ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲವೇನೋ. ಕಾರು ಹೋದ ಮೇಲೆ ಮ್ಯಾನೇಜರ್, 'ಮಕ್ಕಳನ್ನ ಬ್ರೀಫ್ ಮಾಡಿರ್ಲಿಲ್ವಾ ಮೇಡಂ?' ಅಂತ ಎಲ್ಲರ ಮುಂದೆ ಕೇಳಿದರು. ಹುಡುಗನಿಗೆ ಕೇಳಿಸಿತು. ಸಂಜೆ ಬಂದು, 'ನಾ ತಪ್ಪ್ ಹೇಳಿದ್ನೇನ್ರಿ ಮಿಸ್?' ಅಂದ. ಇಲ್ಲ ಮಗನೇ, ನೀನು ಸರಿಯಾಗಿ ಹೇಳಿದೆ ಅಂದೆ. ಆದರೂ ಅವನಿಗೆ ಆ ಪ್ರಶ್ನೆ ಬಂತಲ್ಲ, ಅದು ನನಗೆ ಇವತ್ತಿಗೂ ಚುಚ್ಚುತ್ತದೆ. ವಾರ್ಷಿಕ ವರದಿಯಲ್ಲಿ ಬಂದಿದ್ದು ಪೆಟೂನಿಯಾ ಫೋಟೋ.

ಇದೇ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಒಂದು ಮಾತು. ವಿಸಿಟರ್ ಬಂದಾಗ ಗಿಡದ ಪಕ್ಕ ಮಕ್ಕಳ ಬುಕ್ ಇಡಿ, ಬಾಡಿದ ಗಿಡ ಇದ್ದರೆ ಅದನ್ನೂ ಇಡಿ. ಅದು ಯಾಕೆ ಬಾಡಿತು ಅಂತ ಮಕ್ಕಳೇ ಹೇಳುತ್ತಾರೆ. ಮ್ಯಾನೇಜರ್‌ಗಳಿಗೂ ಹೇಳುತ್ತೇನೆ, ಕೆಲಸದ ಅಂಕಿಅಂಶ ತುಂಬುವ ಎಂಐಎಸ್‌ನಲ್ಲಿ ಗಿಡ ಎಷ್ಟು, ಮಕ್ಕಳು ಎಷ್ಟು ಅಂತ ಕಾಲಂ ಇದೆ. ಮಕ್ಕಳು ಏನು ನೋಡಿದರು ಅನ್ನುವುದಕ್ಕೆ ಜಾಗವೇ ಇಲ್ಲ. ಅದು ಇರಲೇಬೇಕು.

ಚೆಂಡುಹೂವಿನ ಕುಂಡಗಳನ್ನು ನಾವು ಬಿಸಾಡಲಿಲ್ಲ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಎಚ್‌ಆರ್‌ನವರು ಟೊಮೆಟೊ ಹೊಲದಲ್ಲಿ 16 ಸಾಲಿಗೆ ಒಂದು ಸಾಲು ಚೆಂಡುಹೂವು ಹಾಕಲು ಹೇಳುತ್ತಾರೆ. ಕಾಯಿಕೊರಕ ಹುಳುವಿನ ಪತಂಗ ಆ ಹೂವಿನ ಮೇಲೆ ಮೊಟ್ಟೆ ಇಡುವುದರಿಂದ ಟೊಮೆಟೊ ಉಳಿಯುತ್ತದೆ. ಗ್ರೋಬ್ಯಾಗ್‌ಗಳನ್ನು ಮತ್ತೆ ಮುಂದಕ್ಕೆ ತಂದು, ನಡುನಡುವೆ ಆ ಕುಂಡ ಇಟ್ಟೆವು. ಮಕ್ಕಳು ಈಗ ಅದರ ಮೊಗ್ಗಿನ ಚಿತ್ರವನ್ನೂ ಬಿಡಿಸಬೇಕಾಯಿತು. ಮುಂದಿನ ವರ್ಷದ ಬಜೆಟ್‌ಗೆ ನಾನು ಬರೆದು ಕೊಟ್ಟಿದ್ದು ಇಷ್ಟೇ: ಹೂಕುಂಡದ ಲೈನ್ ತೆಗೆದು ಆ ದುಡ್ಡಿನಲ್ಲಿ ಡ್ರಾಯಿಂಗ್ ಬುಕ್, ಪೆನ್ಸಿಲ್ ಮತ್ತು ತಟ್ಟೆ ತೊಳೆದ ನೀರು ಹಿಡಿಯಲು ಒಂದು ದೊಡ್ಡ ಡ್ರಮ್ ಕೊಡಿ.