ಕೀ ನನ್ನ ಹತ್ತಿರ ಇದೆ

14 ಜುಲೈ 2024, ಭಾನುವಾರ
ಚಿಕ್ಕಮಗಳೂರು

ಬೆಳಿಗ್ಗೆಯಿಂದ ಮಳೆ ಬಿಟ್ಟಿಲ್ಲ. ಕರೆಂಟು ಎರಡು ಸಲ ಹೋಗಿ ಬಂತು. ನನ್ನ ಸೋದರ ಸೊಸೆ ಪುಟ್ಟಿ ಇವತ್ತು ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ.

ನಿನ್ನೆ ರಾತ್ರಿ, ಮೈನ್‌ಕ್ರಾಫ್ಟ್ ಅನ್ನೋ ಕಂಪ್ಯೂಟರ್ ಆಟದಲ್ಲಿ ಮಕ್ಕಳ ಜೊತೆ ನಾನು ನಡೆಸೋ ಊರಿನಲ್ಲಿ, ಅಜ್ಜನ ಮನೆ ಸುಟ್ಟುಹೋಯಿತು. ಪುಟ್ಟಿ ಮೂರು ತಿಂಗಳು ಕೂತು ಕಟ್ಟಿದ ಮನೆ. ಮೂಡಿಗೆರೆ ಮನೆ ಮಾರಿದಾಗ ಅವಳಿಗೆ ಏಳು ವರ್ಷ. ಆದರೂ ಕಾಫಿ ಒಣಗಿಸೋ ಕಣ, ಅಟ್ಟದ ಏಣಿ, ಹಿತ್ತಲಿನ ಹಲಸಿನ ಮರ, ಎಲ್ಲ ನೆನಪಿಟ್ಟುಕೊಂಡಿದ್ದಳು. ಬಚ್ಚಲ ಹಂಡೆ ಬಾಗಿಲಿನ ಯಾವ ಪಕ್ಕಕ್ಕಿತ್ತು ಅನ್ನೋದು ಮಾತ್ರ ಮರೆತು, ಅಪ್ಪನನ್ನು ಎರಡು ಸಲ ಕೇಳಿದ್ದಳು. ಆ ಮನೆಯ ಮರದ ಮಾಡಿನ ಮೇಲೆ ಒಬ್ಬ ಹುಡುಗ ಲಾವಾ ಸುರಿದಿದ್ದ.

ನಾನು ನೋಡಿದಾಗ ರಾತ್ರಿ ಹನ್ನೊಂದೂವರೆ. ಯಾರು ಸುರಿದದ್ದು ಅಂತ ಆಟದ ದಾಖಲೆಯಲ್ಲೇ (ಲಾಗ್) ಇತ್ತು. ಅವನು ಮತ್ತೆ ಒಳಗೆ ಬರದ ಹಾಗೆ ಬ್ಯಾನ್ ಮಾಡಿದೆ. ಮನೆಯನ್ನು ಮೊದಲು ಹೇಗಿತ್ತೋ ಹಾಗೆ ವಾಪಸ್ ತಂದೆ. ಹತ್ತು ನಿಮಿಷದ ಕೆಲಸ. ನೆಮ್ಮದಿಯಾಗಿ ಮಲಗಿದೆ.

ಬೆಳಿಗ್ಗೆ ಎದ್ದರೆ ಕಡೂರಿನ ಹುಡುಗಿಯ ಮೆಸೇಜು. “ಆಂಟಿ, ಒಬ್ಬರನ್ನ ಹೊರಗೆ ಹಾಕಬೇಕಾದ್ರೆ ಎಲ್ಲರೂ ವೋಟ್ ಹಾಕಬೇಕು ಅಂತ ರೂಲ್ ಮಾಡಿದ್ವಿ ಅಲ್ವಾ?”

ಮಾಡಿದ್ವಿ. ಬೇಸಿಗೆ ರಜೆಯಲ್ಲಿ ಮೂವತ್ತೊಂದು ಮಕ್ಕಳು ಸೇರಿ ಮಾಡಿದ ರೂಲು. ಮೂರರಲ್ಲಿ ಎರಡು ಪಾಲು ಜನ ಒಪ್ಪಿದರೆ ಮಾತ್ರ ಹೊರಗೆ. ಅದನ್ನು ಬೋರ್ಡಿನ ಮೇಲೆ ಬರೆದು ಊರ ಬಾಗಿಲಲ್ಲಿ ನಿಲ್ಲಿಸಿದವಳು ನಾನೇ.

ಸಂಜೆ ಕಾಫಿ ಕುಡಿಯುವಾಗ ಅಪ್ಪನಿಗೆ ಎಲ್ಲ ಹೇಳಿದೆ. ಅವರಿಗೆ ಸರ್ವರು, ಬ್ಯಾನು ಇದೆಲ್ಲ ಗೊತ್ತಿಲ್ಲ. ಆದರೆ ಸಭೆ ಅಂದರೆ ಗೊತ್ತು.

“ಆ ಹುಡುಗನ್ನ ಕೇಳಿದ್ಯಾ?”

“ಕೇಳೋದೇನಪ್ಪ? ದಾಖಲೆ ಇದೆಯಲ್ಲ.”

“ದಾಖಲೆ ಇರಲಿ. ಅವನ ಮಾತು ಕೇಳಿದ್ಯಾ?”

ಕೇಳಿರಲಿಲ್ಲ. ನನಗೆ ಸಿಟ್ಟು ಬಂತು. “ಸುಟ್ಟಿದ್ದು ನಿಮ್ಮ ಮನೆ, ಅಪ್ಪ” ಅಂದೆ.

ಅಪ್ಪ ಸ್ವಲ್ಪ ಹೊತ್ತು ಮಳೆ ನೋಡುತ್ತಾ ಕೂತರು. ಆಮೇಲೆ, “ಹೌದು ಕಣೆ. ಅದಕ್ಕೇ ನೀನೊಬ್ಬಳೇ ತೀರ್ಮಾನ ಮಾಡಬಾರದಿತ್ತು” ಅಂದರು.

ಅಪ್ಪ 1987ರಲ್ಲಿ ಮಂಡಲ ಪಂಚಾಯಿತಿಗೆ ಗೆದ್ದವರು. ಆಗಿನ ಪಂಚಾಯತ್ ರಾಜ್ ಮಂತ್ರಿ ನಜೀರ್ ಸಾಬರ ಹೆಸರು ಹೇಳುವಾಗ ಈಗಲೂ ಅವರ ಮುಖ ಅರಳುತ್ತದೆ. ಇವತ್ತು ಮಾತ್ರ ಬೇರೆ ಮಾತು ಬಂತು. “ಐದು ವರ್ಷ ಚೆನ್ನಾಗಿ ನಡೀತು. ಅವಧಿ ಮುಗೀತು. ಮೇಲಿನೋರು ಚುನಾವಣೆ ಮಾಡಲಿಲ್ಲ, ಆಡಳಿತಾಧಿಕಾರಿ ಬಂದು ಕೂತರು. ನಾವು ಮನೆಗೆ ಬಂದ್ವಿ. ಕೊಟ್ಟಿದ್ದೂ ಅವರೇ, ತಗೊಂಡಿದ್ದೂ ಅವರೇ.”

ಅದು 1992. ಅದೇ ವರ್ಷದ ಡಿಸೆಂಬರಿನಲ್ಲಿ ಸಂಸತ್ತು 73ನೇ ತಿದ್ದುಪಡಿ ಪಾಸು ಮಾಡಿತು. ಐದು ವರ್ಷಕ್ಕೊಮ್ಮೆ ಪಂಚಾಯಿತಿ ಚುನಾವಣೆ ಆಗಲೇಬೇಕು ಅಂತ ಸಂವಿಧಾನದಲ್ಲೇ ಬಂತು. ಹಾಗಿದ್ದೂ ಜಿಲ್ಲಾ, ತಾಲೂಕು ಪಂಚಾಯಿತಿಗಳಿಗೆ 2021ರಲ್ಲಿ ಅವಧಿ ಮುಗಿದದ್ದು, ಇನ್ನೂ ಚುನಾವಣೆ ಇಲ್ಲ.

ಅಪ್ಪ ಆ ಮಾತು ಹೇಳಿದಾಗ ನನಗೆ ಲ್ಯಾಂಬ್ಡಾಮೂ ನೆನಪಾಯಿತು. 1990ರಲ್ಲಿ ಅಮೆರಿಕದ ಜೆರಾಕ್ಸ್ ಕಂಪನಿಯ ಪಾರ್ಕ್ (PARC) ಅನ್ನೋ ಸಂಶೋಧನಾ ಕೇಂದ್ರದಲ್ಲಿ ಪಾವೆಲ್ ಕರ್ಟಿಸ್ ಶುರು ಮಾಡಿದ ಆನ್‌ಲೈನ್ ಲೋಕ ಅದು. ಚಿತ್ರ ಇಲ್ಲ, ಬರೀ ಅಕ್ಷರ. ನಡೆಸುವವರನ್ನು ಮಾಂತ್ರಿಕರು ಅಂತ ಕರೆಯುತ್ತಿದ್ದರು. ದಿನಾ ಜಗಳ ಬಿಡಿಸಿ ಬಿಡಿಸಿ ಅವರಿಗೆ ಸಾಕಾಯಿತು. ಅದೇ 1992ರ ಡಿಸೆಂಬರಿನಲ್ಲಿ ಕರ್ಟಿಸ್ ಹೇಳಿಬಿಟ್ಟರು: ಇನ್ನು ಯಂತ್ರದ ಕೆಲಸ ಮಾತ್ರ ನಮ್ಮದು, ನಿಮ್ಮ ಜಗಳ ನೀವೇ ನೋಡಿಕೊಳ್ಳಿ.

ಕೆಲವೇ ತಿಂಗಳಿಗೆ ಅಲ್ಲಿ ಒಬ್ಬ ಬೇರೆಯವರ ಪಾತ್ರಗಳಿಗೆ ಬಹಳ ಕೆಟ್ಟದಾಗಿ ಲೈಂಗಿಕ ಹಿಂಸೆ ಕೊಟ್ಟ. ಅಕ್ಷರದಲ್ಲೇ ಕೊಟ್ಟದ್ದು, ಆದರೂ ನೊಂದವರು ನಿಜವಾಗಿ ನೊಂದರು. ಜನ ಸಭೆ ಸೇರಿದರು, ಗಂಟೆಗಟ್ಟಲೆ ಮಾತಾಡಿದರು, ತೀರ್ಮಾನವೇ ಆಗಲಿಲ್ಲ. ಕೊನೆಗೆ ಒಬ್ಬ ಮಾಂತ್ರಿಕ ತಾನೊಬ್ಬನೇ ಆ ಪಾತ್ರವನ್ನು ಅಳಿಸಿಹಾಕಿದ. ನಿನ್ನೆ ನಾನು ಮಾಡಿದ ಹಾಗೆ. ಅಲ್ಲ, ಅವನು ಸಭೆ ಮುಗಿಯೋವರೆಗಾದರೂ ಕಾದಿದ್ದ.

ಆಮೇಲೆ ಕರ್ಟಿಸ್ ಅರ್ಜಿ ಮತ್ತು ಮತದಾನದ ವ್ಯವಸ್ಥೆ ತಂದರು. ಯಾರು ಬೇಕಾದರೂ ಅರ್ಜಿ ಹಾಕಬಹುದು. ಸಾಕಷ್ಟು ಸಹಿ ಬಿದ್ದರೆ ಮತಕ್ಕೆ. ಬೇಡ ಅನ್ನುವವರಿಗಿಂತ ಬೇಕು ಅನ್ನುವವರು ಎರಡರಷ್ಟಿದ್ದರೆ ಅದೇ ಕಾನೂನು. 1996ರಲ್ಲಿ ಮಾಂತ್ರಿಕರು ಮತ್ತೆ ಬಂದರು. ನಾವು ದೂರ ಇರ್ತೀವಿ ಅಂದದ್ದು ಆಗದ ಮಾತು, ಯಂತ್ರದ ಕೆಲಸ ಮಾಡಿದರೂ ಅದು ಜನರ ಮೇಲೆ ತೀರ್ಮಾನ ಮಾಡಿದಂತೆಯೇ ಆಗುತ್ತದೆ ಅಂದರು. ಮೊದಲ ಸಲ ಓದಿದಾಗ ನನಗೆ ಇದು ಸೋಲು ಅನ್ನಿಸಿತ್ತು. ಈಗ ಪ್ರಾಮಾಣಿಕವಾದ ಮಾತು ಅನ್ನಿಸುತ್ತದೆ.

ಈವ್ ಆನ್‌ಲೈನ್ ಆಟದಲ್ಲಿ 2008ರಿಂದ ಆಟಗಾರರೇ ಆರಿಸುವ ಮಂಡಳಿ ಇದೆ. ಅದೂ ಸಲಹೆ ಕೊಡಬಹುದು, ಅಷ್ಟೇ. ಕೀ ಕಂಪನಿಯ ಹತ್ತಿರ.

ನಮ್ಮ ಊರಿನ ಕೀ ನನ್ನ ಹತ್ತಿರ. ಸರ್ವರ್ ದುಡ್ಡು ಕಟ್ಟೋದು ನಾನು, ಪಾಸ್‌ವರ್ಡ್ ನನ್ನದು. ಮಕ್ಕಳು ಎಷ್ಟೇ ವೋಟ್ ಹಾಕಿದರೂ ನಾನೊಂದು ಬಟನ್ ಒತ್ತಿದರೆ ಊರೇ ಇಲ್ಲ. ಇದನ್ನು ಅವರಿಗೆ ಯಾವತ್ತೂ ಹೇಳಿರಲಿಲ್ಲ. ನೀವೇ ಆಳ್ಕೊಳ್ಳಿ ಅಂತ ಮಾತ್ರ ಹೇಳಿದ್ದೆ.

ಅಪ್ಪ ಒಂದು ದಾರಿ ಹೇಳಿದರು. ಪಂಚಾಯಿತಿ ಚೆಕ್ಕಿಗೆ ಅಧ್ಯಕ್ಷರ ಸಹಿ ಒಂದೇ ಸಾಲದು, ಪಿಡಿಒ ಸಹಿಯೂ ಬೇಕು. “ನಿಂಗೂ ಹಾಗೇ ಇನ್ನೊಂದು ಸಹಿ ಇರಲಿ.” ಬ್ಯಾನ್ ಮಾಡೋ ಅಧಿಕಾರ ನನ್ನ ಹೆಸರಿಂದ ತೆಗೆದು, ಮಕ್ಕಳು ಆರಿಸಿದ ಇಬ್ಬರಿಗೆ ಕೊಡಬಹುದು. ಆದರೂ ಮೂಲ ಪಾಸ್‌ವರ್ಡ್ ನನ್ನದೇ. ಅದಕ್ಕೆ ಇನ್ನೊಂದು ಯೋಚನೆ ಬಂದಿದೆ. ಪ್ರತಿ ಭಾನುವಾರ ಇಡೀ ಊರಿನ ಒಂದು ಕಾಪಿ ಎಲ್ಲರಿಗೂ ಸಿಗುವ ಹಾಗೆ ಇಟ್ಟುಬಿಡೋದು. ನಾನು ಸರಿಯಾಗಿ ನಡೆದುಕೊಳ್ಳದಿದ್ದರೆ ಅವರು ಮನೆ, ಕಣ, ಹಲಸಿನ ಮರ ಸಮೇತ ಬೇರೆ ಕಡೆ ಹೋಗಿ ಊರು ಕಟ್ಟಲಿ. ಹೋಗೋಕೆ ದಾರಿ ಇದ್ದರೆ ನಾನೂ ಹುಷಾರಾಗಿರ್ತೀನಿ.

ಎಂಟು ಗಂಟೆಗೆ ಪುಟ್ಟಿ ರೂಮಿಗೆ ಹೋಗಿ ಕ್ಷಮೆ ಕೇಳಿದೆ. ಅವಳ ಸಿಟ್ಟು ಮನೆ ಸುಟ್ಟದ್ದಕ್ಕಲ್ಲ. “ನನ್ನ ಮನೆ ಅತ್ತೆ. ನನ್ನನ್ನೂ ಕೇಳಲಿಲ್ಲ ನೀನು. ಅರ್ಧ ಸುಟ್ಟಿದ್ದು ಹಾಗೇ ಇರಲಿ, ಅವನ ಕೈಲೇ ಕಟ್ಟಿಸ್ತೀನಿ ಅಂತಿದ್ದೆ.”

ನನಗೆ ಮಾತು ಹೊರಡಲಿಲ್ಲ.

ನಾಳೆ ಸಂಜೆ ಸಭೆ ಕರೆದಿದ್ದೇನೆ. ಪುಟ್ಟಿ ಕೇಳಿದಳು, “ಅವನಿಗೂ ವೋಟ್ ಇರುತ್ತಾ?”

ಇರಬೇಕು. ಕಡೇಪಕ್ಷ ಅವನ ಮಾತು ಎಲ್ಲರೂ ಕೇಳಬೇಕು. ಆದರೆ ಅವನು ಒಳಗೆ ಬರಬೇಕಾದರೆ ಮೊದಲು ಬ್ಯಾನ್ ತೆಗೆಯಬೇಕು. ಅದನ್ನು ಇವತ್ತು ರಾತ್ರಿ ನಾನೊಬ್ಬಳೇ ತೆಗೆದರೆ, ನಿನ್ನೆ ಮಾಡಿದ್ದನ್ನೇ ಮತ್ತೆ ಮಾಡಿದ ಹಾಗಲ್ವಾ? ತೆಗೆಯದೆ ಸಭೆ ನಡೆಸಿದರೆ