ಬೈಯಲ್ಲ ಅಂದ್ರೆ ಹೇಳ್ತೀನಿ

“ಅಮ್ಮ, ಬೈಯಲ್ಲ ಅಂದ್ರೆ ಒಂದು ವಿಷಯ ಹೇಳ್ತೀನಿ.”

ಸೋಮವಾರ ರಾತ್ರಿ ಬಟ್ಟೆ ಮಡಚುತ್ತಾ ಕೂತಿದ್ದೆ. ಮಗ ಬಾಗಿಲ ಹತ್ತಿರವೇ ನಿಂತಿದ್ದ, ಫೋನು ಬೆನ್ನ ಹಿಂದೆ. ಹನ್ನೊಂದು ವರ್ಷ ಅವನಿಗೆ. ಇವತ್ತು ಶುಕ್ರವಾರ, ಆ ಮಾತು ಇನ್ನೂ ಕಿವಿಯಲ್ಲೇ ಕೂತಿದೆ.

ಆನ್‌ಲೈನ್ ಗೇಮಿನಲ್ಲಿ ಸಿಕ್ಕಿದ ಒಬ್ಬ ‘ಅಣ್ಣ’. ಮೊದಲು ಕಾಯಿನ್ಸ್ ಕೊಟ್ಟಿದ್ದಾನೆ. ಆಮೇಲೆ, ಇಲ್ಲಿ ಬೇಡ, ಬೇರೆ ಆ್ಯಪಿಗೆ ಬಾ ಅಂದಿದ್ದಾನೆ. ಯಾವ ಸ್ಕೂಲು, ಅಪ್ಪ ಅಮ್ಮ ಮನೆಗೆ ಬರೋದು ಎಷ್ಟೊತ್ತಿಗೆ, ಒಂದು ಫೋಟೊ ಕಳಿಸು. ಕೊನೆಯ ಮೆಸೇಜು ಹೀಗಿತ್ತು: “ಅಮ್ಮಂಗೆ ಹೇಳ್ಬೇಡ, ಫೋನ್ ಕಿತ್ಕೊಂಡ್ಬಿಡ್ತಾರೆ.”

ಓದಿ ಕೈ ತಣ್ಣಗಾಯಿತು. ಅದು ನನ್ನದೇ ಮಾತು. ಹೋದ ತಿಂಗಳು ಮಾರ್ಕ್ಸ್ ಕಡಿಮೆ ಬಂದಾಗ “ಇನ್ನೊಂದ್ಸಲ ಹೀಗಾದ್ರೆ ಫೋನ್ ಕಿತ್ಕೋತೀನಿ ನೋಡು” ಅಂದಿದ್ದೆ. ನನ್ನ ಮುಖ ನೋಡದ ಯಾರೋ ಒಬ್ಬನಿಗೆ ನಾನೇನು ಹೇಳುತ್ತೇನೆ ಅನ್ನೋದು ಗೊತ್ತಿತ್ತು. ನನ್ನ ಬೆದರಿಕೆಯನ್ನೇ ಅವನು ಬೀಗ ಮಾಡಿಕೊಂಡು ಮಗುವಿನ ಬಾಯಿಗೆ ಹಾಕಿದ್ದ.

ಅವರಪ್ಪ ಎದ್ದವರೇ ಗೇಮ್ ಅಳಿಸಲು ಹೋದರು. ತಡೆದೆ. ಮೊದಲು ಆ ಚಾಟು, ಆ ಪ್ರೊಫೈಲಿನ ಸ್ಕ್ರೀನ್‌ಶಾಟ್ ತೆಗೆದಿಡಬೇಕು, ಇಲ್ಲದಿದ್ದರೆ ದೂರಿಗೆ ಆಧಾರ ಸಿಗೋದು ಕಷ್ಟ. ತೆಗೆದು, ರಿಪೋರ್ಟ್ ಮಾಡಿ, ಆಮೇಲೆ ಬ್ಲಾಕ್ ಮಾಡಿದೆವು. ಸೆಟ್ಟಿಂಗ್ಸ್ ನೋಡಿದರೆ ಹುಟ್ಟಿದ ವರ್ಷ 2001! ಹಾಕಿಕೊಟ್ಟಿದ್ದು ಅವರಪ್ಪನೇ. ಎಷ್ಟೋ ಆ್ಯಪುಗಳು 13 ತುಂಬದ ಮಕ್ಕಳನ್ನು ಸೇರಿಸಿಕೊಳ್ಳೋಲ್ಲ. ಅಮೆರಿಕದ 1998ರ ಕಾನೂನಿನಿಂದ ಬಂದ ಗಡಿ ಅದು. ಸುಳ್ಳು ವಯಸ್ಸು ಕೊಟ್ಟರೆ ಒಳಗೇನೋ ಬಿಡುತ್ತಾರೆ, ಆದರೆ ಅಪರಿಚಿತರ ಮೆಸೇಜು ತಡೆಯೋದು ಮುಂತಾಗಿ ಮಕ್ಕಳಿಗೆಂದೇ ಇಟ್ಟ ರಕ್ಷಣೆ ಆ ಅಕೌಂಟಿಗೆ ಸಿಗೋಲ್ಲ. ಇವರು ಕೆಟ್ಟವರಲ್ಲ, ಮಗ ಹಟ ಹಿಡಿದರೆ ಕರಗಿಹೋಗುತ್ತಾರೆ. ಆದರೂ ಆ ರಾತ್ರಿಯ ಸಿಟ್ಟು ಇನ್ನೂ ಇಳಿದಿಲ್ಲ.

ಪುಣ್ಯಕ್ಕೆ ಫೋಟೊ ಕಳಿಸಿರಲಿಲ್ಲ. ಕಳಿಸಿದ್ದರೆ? ಹದಿನೆಂಟರೊಳಗಿನವರ ನಗ್ನ ಚಿತ್ರ ಹರಡದಂತೆ ತಡೆಯಲು ‘ಟೇಕ್ ಇಟ್ ಡೌನ್’ ಅನ್ನೋ ಉಚಿತ ಸೇವೆ ಇದೆ. ಚಿತ್ರ ನಮ್ಮ ಫೋನಿನಲ್ಲೇ ಉಳಿಯುತ್ತೆ, ಅದರ ಡಿಜಿಟಲ್ ಗುರುತು, ಅಂದ್ರೆ ಬೆರಳಚ್ಚಿನಂಥ ಒಂದು ಸಂಕೇತ, ಮಾತ್ರ ಆ ಸೇವೆಗೆ ಹೋಗುತ್ತೆ. ಸೇವೆಗೆ ಸೇರಿಕೊಂಡ ಕಂಪನಿಗಳು ಆ ಗುರುತು ಹಿಡಿದು ಚಿತ್ರವನ್ನು ಹುಡುಕಿ ತೆಗೆಯುತ್ತವೆ. ಆದರೆ ಇದೆಲ್ಲ ಶುರುವಾಗೋದು ಮಗು ಬಾಯಿ ಬಿಟ್ಟ ಮೇಲೆ. “ಬೈಯಲ್ಲ ಅಂದ್ರೆ” ಅಂತ ಷರತ್ತು ಹಾಕಿಕೊಂಡು ಬರಬೇಕಾದ ಮನೆಯಲ್ಲಿ ಎಷ್ಟು ಮಕ್ಕಳು ಬಾಗಿಲವರೆಗೆ ಬಂದು ವಾಪಸ್ ಹೋಗುತ್ತಾರೋ.

“ಎಷ್ಟು ದಿನ ಆಯ್ತು ಕಂದ?”

“ಒಂಬತ್ತು ದಿನ.”

ಎಣಿಸಿಟ್ಟಿದ್ದಾನೆ. ಆ ಒಂಬತ್ತರಲ್ಲಿ ಒಂದು ರಾತ್ರಿ ದಿಂಬು ಹಿಡಿದುಕೊಂಡು ಬಂದು “ನಿನ್ನ ಪಕ್ಕ ಮಲಗ್ಲಾ” ಅಂತ ಕೇಳಿದ್ದ. ಇಷ್ಟು ದೊಡ್ಡವನಾಗಿ ಏನೋ ಇದು ಅಂತ ವಾಪಸ್ ಕಳಿಸಿದ್ದೆ.