ಒಂದು ದಾಸವಾಳ, 48 ಫೋಟೋ

"ನಾಳೆ ಗೇಟ್ ಪಕ್ಕದ ಹೂವು ಕೀಳಬೇಡಮ್ಮ" ಅಂತ ರಾತ್ರಿಯೇ ಹೇಳಿಟ್ಟಿದ್ದೆ. ಸರಸ್ವತಿಪುರಂನ ನಮ್ಮ ಮನೆಯಲ್ಲಿ ಬೆಳಗ್ಗೆ ಅರಳಿದ ದಾಸವಾಳವೆಲ್ಲ ದೇವರಿಗೆ. ಅದು ಒಂದೇ ದಿನದ ಹೂವು, ಸಂಜೆಗೆ ಮುದುಡುತ್ತದೆ. ಇವತ್ತಾಗದಿದ್ದರೆ ನಾಳೆ ಅದೇ ಹೂವು ಸಿಗುವುದಿಲ್ಲ. "ಆಯ್ತು ಬಿಡು, ನಂದಿಬಟ್ಟಲು ಜಾಸ್ತಿ ಬಿಟ್ಟಿದೆ" ಅಂದರು ಅಮ್ಮ.

ನನಗೆ ಬೇಕಿದ್ದದ್ದು ದಾಸವಾಳದ ನಡುವಿನ ಕೋಲು. ಅದರ ಸುತ್ತ ಹಳದಿ ಕೇಸರಗಳು, ತುದಿಯಲ್ಲಿ ಐದು ಕೆಂಪು ಗುಂಡು. ಇಡೀ ಕೋಲು ಒಂದೇ ಫೋಟೋದಲ್ಲಿ ಸ್ಪಷ್ಟವಾಗಿ ಬರಬೇಕು. ತೀರಾ ಹತ್ತಿರದಿಂದ ತೆಗೆಯುವ ಮ್ಯಾಕ್ರೋ ಲೆನ್ಸಿನಲ್ಲಿ ಇದೇ ಕಷ್ಟ. ಹೂವು ಎಷ್ಟು ದೊಡ್ಡದಿದೆಯೋ ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸರ್ ಮೇಲೂ ಅಷ್ಟೇ ದೊಡ್ಡದಾಗಿ ಬೀಳುವಷ್ಟು ಹತ್ತಿರ ಹೋದರೆ, ಎಫ್/8ರಲ್ಲಿ (ಇದು ಲೆನ್ಸಿನೊಳಗೆ ಬೆಳಕು ಬರುವ ತೂತಿನ ಅಳತೆ, ಅಂಕಿ ದೊಡ್ಡದಾದಷ್ಟೂ ತೂತು ಚಿಕ್ಕದು) ಸ್ಪಷ್ಟವಾಗಿ ಕಾಣುವುದು ಸುಮಾರು ಒಂದು ಮಿಲಿಮೀಟರ್ ದಪ್ಪದ ಪದರ ಮಾತ್ರ. ತೂತು ಚಿಕ್ಕದಾದರೆ ಪದರ ದಪ್ಪವಾಗುತ್ತದೆ, ಎಫ್/22ಕ್ಕೆ ಹೋಗಬಹುದಲ್ವಾ ಅಂತ ಕೇಳಬಹುದು. ಹೋಗಿ ನೋಡಿದ್ದೇನೆ. ತೂತು ಅಷ್ಟು ಚಿಕ್ಕದಾದಾಗ ಬೆಳಕೇ ಹರಡಿಕೊಂಡು ಇಡೀ ಫೋಟೋ ಮೆತ್ತಗಾಗುತ್ತದೆ. ಅದಕ್ಕೇ ಫೋಕಸ್ ಸ್ಟ್ಯಾಕಿಂಗ್: ಒಂದೊಂದು ಪದರಕ್ಕೂ ಒಂದೊಂದು ಫೋಟೋ ತೆಗೆದು, ಆಮೇಲೆ ಸ್ಪಷ್ಟವಾದ ಭಾಗಗಳನ್ನಷ್ಟೇ ಸೇರಿಸುವುದು.

ಏಳು ಗಂಟೆಗೆ ಗಿಡದ ಹತ್ತಿರವೇ ಟ್ರೈಪಾಡ್ ಹಾಕಿದೆ. ಗಾಳಿ ಇರಲಿಲ್ಲ. ಆದರೂ ಮೊದಲ ಸರಣಿ ಪೂರ್ತಿ ಹಾಳಾಯಿತು, ಯಾಕೆಂದರೆ ಹೂವು ಇನ್ನೂ ಅರಳುತ್ತಾ ಇತ್ತು. ಕಣ್ಣಿಗೆ ಕಾಣದಷ್ಟು ನಿಧಾನ, ಆದರೆ ಮೊದಲ ಫೋಟೋಗೂ ಕೊನೆಯದಕ್ಕೂ ಎಸಳಿನ ಅಂಚು ಜಾಗ ಬಿಟ್ಟಿತ್ತು. ಒಂಬತ್ತೂವರೆಗೆ ಪೂರ್ತಿ ಬಿಚ್ಚಿಕೊಂಡಿತು. ಅಷ್ಟರಲ್ಲಿ ಗಾಳಿ ಶುರುವಾಯಿತು.

ಕೊನೆಗೆ ಕಿತ್ತೇಬಿಟ್ಟೆ. ಟಾನಿಕ್ ಬಾಟಲಿಗೆ ನೀರು ಹಾಕಿ, ಬಾಯಿಗೆ ಹತ್ತಿ ತುರುಕಿ ತೊಟ್ಟು ಅಲ್ಲಾಡದ ಹಾಗೆ ನಿಲ್ಲಿಸಿದೆ. ಕಿಟಕಿಗೆ ಅಪ್ಪನ ಬಿಳಿ ಪಂಚೆ ಕಟ್ಟಿದೆ. ಬಿಸಿಲು ಎಷ್ಟು ಹದವಾಗಿ ಬಂತು ಅಂದರೆ, ದುಡ್ಡು ಕೊಟ್ಟು ತಂದ ಯಾವ ಲೈಟಿನಲ್ಲೂ ನನಗೆ ಅಂಥ ಬೆಳಕು ಸಿಕ್ಕಿಲ್ಲ. ಫ್ಯಾನ್ ಆಫ್. ಏಪ್ರಿಲ್ ತಿಂಗಳು, ಬಾಗಿಲೂ ಮುಚ್ಚಿದ್ದೆ, ಬೆವರು ಇಳಿಯುತ್ತಿತ್ತು. ಎಲ್ಲ ಫೋಟೋದಲ್ಲೂ ಬೆಳಕು, ಬಣ್ಣ ಒಂದೇ ಥರ ಬರಲಿ ಅಂತ ಎಕ್ಸ್‌ಪೋಶರ್, ವೈಟ್ ಬ್ಯಾಲೆನ್ಸ್ ಎಲ್ಲ ಮ್ಯಾನ್ಯುವಲ್‌ಗೆ ಹಾಕಿದೆ. ಕೆಂಪು ಹೂವಲ್ವಾ, ಕ್ಯಾಮೆರಾದ ಬೆಳಕಿನ ಮೀಟರ್ ಸರಿ ಅಂತ ತೋರಿಸಿದರೂ ಕೆಂಪು ಚಾನೆಲ್ (ಫೋಟೋದಲ್ಲಿ ಕೆಂಪು ಬಣ್ಣದ ಪಾಲು) ಮಾತ್ರ ತುಂಬಿಹೋಗಿ ಎಸಳಿನ ಗೆರೆಗಳು ಅಳಿಸಿಹೋಗುತ್ತವೆ, ಅದಕ್ಕೆ ಸ್ವಲ್ಪ ಕತ್ತಲಾಗಿಯೇ ತೆಗೆದೆ.

ಕ್ಯಾಮೆರಾವನ್ನು ಚೂರುಚೂರೇ ಸರಿಸುವ ಫೋಕಸ್ ರೈಲಿನ ತಿರುಪು ತಿರುಗಿಸಿ ಅರ್ಧ ಮಿಲಿಮೀಟರ್ ಹಿಂದೆ, ಎರಡು ಸೆಕೆಂಡ್ ಟೈಮರ್, ಕ್ಲಿಕ್. ಮತ್ತೆ ಅರ್ಧ ಮಿಲಿಮೀಟರ್. ಒಂದು ಪದರ ಇನ್ನೊಂದರ ಮೇಲೆ ಸ್ವಲ್ಪ ಏರಿರಬೇಕು, ಒಂದು ಹೆಜ್ಜೆ ತಪ್ಪಿದರೂ ನಡುವೆ ಮಸುಕು ಪಟ್ಟೆ ಉಳಿಯುತ್ತದೆ. ಎರಡನೇ ಸರಣಿಯಲ್ಲಿ ಹಾಗೇ ಆಯಿತು. ಮೂರನೆಯದರಲ್ಲಿ ಒಂದೊಂದೇ ಬಾಯಲ್ಲಿ ಎಣಿಸುತ್ತಾ ಹೋದೆ. 48 ಫೋಟೋ, 2.4 ಸೆಂಟಿಮೀಟರ್ ಆಳ.

ಮಧ್ಯಾಹ್ನ ಫೋಟೋಗಳನ್ನು ಸೇರಿಸುವ ಜೆರೀನ್ ಸ್ಟ್ಯಾಕರ್ ಸಾಫ್ಟ್‌ವೇರ್‌ನಲ್ಲಿ ಹಾಕಿದೆ. ಅದರಲ್ಲಿ ಪಿಮ್ಯಾಕ್ಸ್ ಅನ್ನುವ ವಿಧಾನ ಒಂದರ ಹಿಂದೆ ಒಂದು ಇರುವ ಕೇಸರಗಳನ್ನು ಚೆನ್ನಾಗಿ ಬಿಡಿಸುತ್ತದೆ, ಆದರೆ ಎಸಳಿನ ನುಣುಪು ಹೋಗಿ ಕಾಳುಕಾಳಾಗುತ್ತದೆ. ಇನ್ನೊಂದು ವಿಧಾನ ಡಿಮ್ಯಾಪ್‌ನಲ್ಲಿ ಎಸಳು ಚಂದ, ಕೇಸರದ ಸುತ್ತ ಮಾತ್ರ ಮಸುಕು ಪ್ರಭೆ. ಎರಡನ್ನೂ ಮಾಡಿಕೊಂಡು, ಡಿಮ್ಯಾಪ್ ಫೋಟೋದ ಮೇಲೆ ಪಿಮ್ಯಾಕ್ಸ್‌ನ ಕೇಸರಗಳನ್ನು ಬ್ರಷ್ಷಿನಲ್ಲಿ ತುಂಬಿದೆ. ಪರಾಗದ ಕಾಳುಗಳು ಚಿರೋಟಿ ರವೆಯ ಹಾಗೆ ಬಿಡಿಬಿಡಿಯಾಗಿ ಕಂಡಾಗ ಕುರ್ಚಿಯಿಂದ ಎದ್ದೇಬಿಟ್ಟೆ, ಅಷ್ಟು ಖುಷಿ.

ಅಮ್ಮನನ್ನು ಕರೆದೆ. ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು.

"ಮೂರು ಇರುವೆ ಇದೆಯಲ್ಲೋ."

ನಾನು ಗಮನಿಸಿಯೇ ಇರಲಿಲ್ಲ. ಕೋಲಿನ ಬುಡದಲ್ಲಿ ಎರಡು, ಮೇಲೆ ಅರ್ಧ. ಒಂದೊಂದೇ ಫೋಟೋ ತೆರೆದು ತೋರಿಸಿದೆ. ಇದ್ದದ್ದು ಒಂದೇ ಇರುವೆ. ನಾನು ಬುಡದಿಂದ ತುದಿಯ ಕಡೆಗೆ ಫೋಕಸ್ ತರುತ್ತಿದ್ದಾಗ ಅದೂ ಮೇಲಕ್ಕೆ ಹತ್ತುತ್ತಿತ್ತು, ಪದರಕ್ಕೆ ಸಿಕ್ಕಿದಾಗಲೆಲ್ಲ ಫೋಟೋದಲ್ಲಿ ಉಳಿದುಕೊಂಡಿದೆ.

"ಹಾಗಾದ್ರೆ ಒಂದನ್ನ ಇಡು" ಅಂದರು ಅಮ್ಮ. 17ನೇ ಫೋಟೋದಲ್ಲಿ ಅದರ ಮೀಸೆ ಕೂಡ ಸ್ಪಷ್ಟವಾಗಿತ್ತು. ಅದನ್ನು ಇಟ್ಟು ಉಳಿದೆರಡನ್ನು ಅಳಿಸಿದೆ.